ರಿಜಿಸ್ಟರ್‌ನಲ್ಲಿ ಮೂರು ಸಾಲು ಬರೆದವರಿಗೆ

ನಿನ್ನೆ ಬೆಳಿಗ್ಗೆ ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ ಬಳಸಿದ ಸೂಜಿ ಚುಚ್ಚಿ ಆರು ತಿಂಗಳಾದ ಮೇಲಿನ ನನ್ನ ರಕ್ತ ಪರೀಕ್ಷೆಯ ವರದಿ ಕೈಗೆ ಬಂತು. ಎಚ್‌ಐವಿ ಇಲ್ಲ, ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ. ಅಲ್ಲಿಂದ ನೇರವಾಗಿ ಹೋಗಿ ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸನ್ನೂ ಹಾಕಿಸಿಕೊಂಡೆ. ಜನವರಿಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿದೆ. ಯಾರ್‍ಯಾರಿಗೆ ಕೈ ಮುಗಿಯಬೇಕೋ ಅವರಿಗೆಲ್ಲ ಎಲ್ಲರೆದುರೇ ಮುಗಿಯುತ್ತಿದ್ದೇನೆ.

ಹನ್ನೊಂದು ವರ್ಷಗಳಿಂದ ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ. ರೋಗಿಗಳು ಆಯಮ್ಮ ಎಂದು ಕರೆಯುತ್ತಾರೆ. ಬೆಡ್‌ಪ್ಯಾನ್ ಕೊಡುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹಾಸಿಗೆಯ ಬಟ್ಟೆ ತೆಗೆಯುವುದು ನಮ್ಮ ಕೆಲಸ. ಸೂಜಿ ಚುಚ್ಚುವುದು ನಮ್ಮ ಕೆಲಸವಲ್ಲ. ಆದರೆ ಚುಚ್ಚಿದ ಸೂಜಿ ಎಲ್ಲಿ ಬಿದ್ದಿದ್ದರೂ ಅಲ್ಲಿಗೆ ಮೊದಲು ಹೋಗುವ ಕೈ ನಮ್ಮದೇ.

ಸಂಕ್ರಾಂತಿ ಕಳೆದ ವಾರ, ರಾತ್ರಿ ಮೂರು ಗಂಟೆ. ತುರ್ತು ಚಿಕಿತ್ಸಾ ಘಟಕದ ಒಂದೇ ಹಾಸಿಗೆಗೆ ಆ ರಾತ್ರಿ ಮೂವರು ರೋಗಿಗಳು ಬಂದು ಹೋಗಿದ್ದರು. ಬಟ್ಟೆಯನ್ನು ಮುದ್ದೆ ಮಾಡಿ ಎತ್ತುವಾಗ ಒಳಗೆ ಉಳಿದಿದ್ದ ಸೂಜಿ ಗ್ಲೌಸ್ ದಾಟಿ ನಡುಬೆರಳಿಗೆ ಇಳಿಯಿತು. ಅಡುಗೆಮನೆಯಲ್ಲಿ ಈಳಿಗೆ ತಾಗಿದಾಗ ಮಾಡುವಂತೆ ಬೆರಳನ್ನು ಬಾಯಿಗೆ ಇಟ್ಟುಕೊಳ್ಳಲು ಹೋದೆ. ಜೊತೆಗಿದ್ದ ಹಿರಿಯ ಆಯಾ, ನಮಗೆಲ್ಲ ದೊಡ್ಡಕ್ಕ, ನನ್ನ ಮಣಿಕಟ್ಟನ್ನು ಹಿಡಿದು ನಲ್ಲಿಯ ಬಳಿಗೆ ಎಳೆದುಕೊಂಡು ಹೋದರು. "ಬಾಯಿಗೆ ಇಡಬೇಡ, ಹಿಂಡಬೇಡ. ಸೋಪು ಹಚ್ಚಿ ನೀರು ಬಿಡು." ಇಷ್ಟಕ್ಕೆಲ್ಲ ಯಾಕೆ ಗದ್ದಲ ಅಕ್ಕ, ಬಿಡಿ ಎಂದೆ. "ನನಗೆ ಚುಚ್ಚಿದಾಗ ನಾನೂ ಹೀಗೆಯೇ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ವರ್ಷಗಟ್ಟಲೆ ಹೆದರಿದೆ. ನೀನು ಈಗಲೇ ಹೇಳು" ಎಂದರು. ದೊಡ್ಡಕ್ಕ, ನಿಮ್ಮ ಆ ಹಿಡಿತ ಇನ್ನೂ ನನ್ನ ಕೈಯಲ್ಲಿದೆ.

ರಾತ್ರಿ ಪಾಳಿಯ ಸಿಸ್ಟರ್‌ಗೆ ಹೇಗೆ ಧನ್ಯವಾದ ಹೇಳಲಿ? ಮೇಲಿನವರಿಗೆ ಫೋನ್ ಮಾಡಿದಾಗ, ಏಜೆನ್ಸಿಯಿಂದ ಗುತ್ತಿಗೆಗೆ ಬಂದ ಹೆಂಗಸಲ್ಲವೇ, ಬೆಳಿಗ್ಗೆ ನೋಡೋಣ ಎಂಬ ಉತ್ತರ ಬಂತು. ಸಿಸ್ಟರ್ ಫೋನ್ ಇಟ್ಟು ರಿಜಿಸ್ಟರ್ ತೆರೆದರು. ಎಷ್ಟು ಹೊತ್ತಿಗೆ, ಯಾವ ಹಾಸಿಗೆ, ಯಾವ ಬೆರಳು ಎಂದು ಮೂರು ಸಾಲು ಬರೆದು ಸಹಿ ಹಾಕಿದರು. ತಮ್ಮ ಪರ್ಸಿನಿಂದಲೇ ಆಟೋಗೆ ಹಣ ಕೊಟ್ಟು ನನ್ನನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕಂತೆ, 72 ಗಂಟೆ ಮೀರಿದರೆ ಕೊಡುವುದಿಲ್ಲವಂತೆ. ನಾಲ್ಕೂವರೆಗೆ ನಾನು ಮೊದಲ ಮಾತ್ರೆಯನ್ನು ನುಂಗಿದ್ದೆ. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಒಮ್ಮೆಯೂ "ನೋಡಿಕೊಂಡು ಕೆಲಸ ಮಾಡಬಾರದೇ" ಎನ್ನಲಿಲ್ಲ. ಅವರು ಹೇಳದೆ ಬಿಟ್ಟ ಆ ಮಾತಿಗೂ ನಾನು ಋಣಿ.

ಬೆಳಿಗ್ಗೆ ಆಪ್ತಸಮಾಲೋಚಕಿ ನನ್ನನ್ನು ಕೂರಿಸಿಕೊಂಡು ಲೆಕ್ಕ ಬಿಡಿಸಿ ಹೇಳಿದರು. ಎಚ್‌ಐವಿ ಇರುವವರ ಸೂಜಿ ಸಾವಿರ ಜನರಿಗೆ ಚುಚ್ಚಿದರೂ ಸೋಂಕು ತಗಲುವುದು ಸುಮಾರು ಮೂವರಿಗೆ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಪಡೆಯದವರಲ್ಲಿ ನೂರಕ್ಕೆ ಆರರಿಂದ ಮೂವತ್ತರವರೆಗೂ ಹೋಗಬಹುದು. ನಾನು ರಾತ್ರಿಯಿಡೀ ಹೆದರಿದ್ದು ಮೊದಲನೆಯದಕ್ಕೆ. ಹೆಚ್ಚು ಹೆದರಬೇಕಾಗಿದ್ದದ್ದು ಎರಡನೆಯದಕ್ಕೆ. ನನಗೆ ಆ ಲಸಿಕೆಯೇ ಆಗಿರಲಿಲ್ಲ. ಆಸ್ಪತ್ರೆಯ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿದೆ ಎಂಬುದು ನನಗೆ ತಿಳಿದದ್ದು ಆ ದಿನ. ಹನ್ನೊಂದು ವರ್ಷ ಯಾರೂ ಹೇಳಿರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಲಸಿಕೆಯ ಜೊತೆಗೆ ಕೊಡಬೇಕಾಗಿದ್ದ, ಲಸಿಕೆ ಕೆಲಸ ಮಾಡುವವರೆಗೆ ಕಾಯುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ದುಬಾರಿಯದು. ನಮ್ಮ ವಾರ್ಡಿನ ಸಿಸ್ಟರ್‌ಗಳು, ವಾರ್ಡ್ ಬಾಯ್‌ಗಳು ಮಧ್ಯಾಹ್ನದೊಳಗೆ ಹಣ ಕೂಡಿಸಿ ತಂದುಕೊಟ್ಟರು. ಸಂಬಳಕ್ಕೆ ಇನ್ನೂ ಹತ್ತು ದಿನವಿತ್ತು, ಯಾರ ಕೈಯಲ್ಲೂ ಹಣವಿರುವ ಹೊತ್ತಲ್ಲ ಅದು.

ಮಾತ್ರೆಯ 28 ದಿನ ಹೊಟ್ಟೆ ತೊಳಸುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಬೇಡವೆಂದು ಗೊತ್ತಿದ್ದರೂ ನನ್ನ ತಟ್ಟೆ, ಲೋಟವನ್ನು ಬೇರೆ ಇಟ್ಟುಕೊಂಡೆ. ಮೂರನೇ ದಿನ ಅತ್ತೆ ಅವನ್ನು ತೊಳೆದು ಎಲ್ಲರ ತಟ್ಟೆಗಳ ನಡುವೆ ಜೋಡಿಸಿಬಿಟ್ಟರು. ನಮ್ಮ ಮಾವ ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು. ವಾರದ ರಜೆ ಮುಗಿಸಿ ಸೋಮವಾರ ಒಳಗೆ ಹೋದರೆ ಎದೆ ಬಿಗಿದುಕೊಳ್ಳುತ್ತಿತ್ತಂತೆ. ಹತ್ತಿಯ ಧೂಳಿನ ಕಾಯಿಲೆ ಅದು. ಬೀಡಿ ಸೇದಿದ್ದಕ್ಕೆ ಎಂದರು ಎಲ್ಲರೂ, ಮಾವ ಬೀಡಿ ಮುಟ್ಟಿದವರೇ ಅಲ್ಲ. "ಅವರದನ್ನು ಯಾರೂ ಬರೆದಿಡಲಿಲ್ಲ. ನಿನ್ನದನ್ನಾದರೂ ಬರೆದಿದ್ದಾರಲ್ಲ" ಎಂದು ಅತ್ತೆ ಜೋಳದ ಅಂಬಲಿಯ ಲೋಟವನ್ನು ಕೈಗಿಟ್ಟರು. ಮಂಡಕ್ಕಿ ಭಟ್ಟಿಯ ಕಾವಿನಲ್ಲಿ ದಿನವಿಡೀ ಬೆಂದು ಬರುತ್ತಿದ್ದ ನಮ್ಮ ಯಜಮಾನರು, ಆರು ತಿಂಗಳು ನಾವಿಬ್ಬರೂ ಪಾಲಿಸಬೇಕಾದ ಎಚ್ಚರಿಕೆಗಳನ್ನು ನಾನು ತಡವರಿಸುತ್ತ ಹೇಳಿದಾಗ, ಪೂರ್ತಿ ಕೇಳಿ, "ಸರಿ, ಊಟ ಮಾಡಿದೆಯಾ" ಎಂದರು.

ರಿಜಿಸ್ಟರ್‌ನಲ್ಲಿ ಬರೆದದ್ದರಿಂದ ಆಡಳಿತದವರು ಉತ್ತರ ಕೊಡಬೇಕಾಯಿತು. ಏಪ್ರಿಲ್‌ನಲ್ಲಿ ಆಯಾಗಳಿಗೆ, ವಾರ್ಡ್ ಬಾಯ್‌ಗಳಿಗೆ, ಏಜೆನ್ಸಿಯವರು ಎನ್ನದೆ, ಲಸಿಕೆ ಹಾಕಿಸಿದರು. ಸೂಜಿ ಹಾಕುವ ಬಿಳಿ ಡಬ್ಬಿ ಈಗ ಕಾರಿಡಾರಿನ ತುದಿಯಲ್ಲಿಲ್ಲ, ಹಾಸಿಗೆಯ ಪಕ್ಕಕ್ಕೇ ಬರುವ ಟ್ರಾಲಿಯಲ್ಲಿದೆ. ಅದಕ್ಕೂ ವಂದನೆಗಳು. ರೋಗಿಗಳನ್ನು ಎತ್ತಿ ಎತ್ತಿ ನಮ್ಮ ಸೊಂಟಗಳು ಹೋಗಿರುವ ವಿಷಯ ಇನ್ನೂ ಯಾವ ರಿಜಿಸ್ಟರ್‌ನಲ್ಲೂ ಇಲ್ಲ; ಅದನ್ನು ಬರೆಸುವವರೆಗೆ ನಾನೂ ದೊಡ್ಡಕ್ಕನೂ ಬಿಡುವುದಿಲ್ಲ.

ಕೊನೆಯದಾಗಿ ಆ ಹಾಸಿಗೆಯ ಮೂವರಿಗೆ. ಒಬ್ಬರು ಜಗಳೂರು ಕಡೆಯ ಅಜ್ಜ, ಇನ್ನೊಬ್ಬರು ಚನ್ನಗಿರಿ ಕಡೆಯ ತಾಯಿ. ಸಿಸ್ಟರ್ ಫೋನ್ ಮಾಡಿ ವಿಷಯ ತಿಳಿಸಿದಾಗ, ತಮ್ಮ ಕಾಯಿಲೆಯ ನಡುವೆಯೂ ಒಪ್ಪಿ, ಬಸ್ಸು ಹತ್ತಿ ಬಂದು ನನಗಾಗಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡರು. "ನಮ್ಮ ಕೊಳೆ ಬಳಿದವಳು ನೀನು, ಇಷ್ಟೂ ಮಾಡದಿದ್ದರೆ ಹೇಗೆ" ಎಂದರು ಅಜ್ಜ. ಇಬ್ಬರದೂ ಏನೂ ಇಲ್ಲವೆಂದು ಬಂತು. ಮೂರನೆಯವರು ಕೊಟ್ಟ ಮೊಬೈಲ್ ಸಂಖ್ಯೆ ತಪ್ಪಾಗಿತ್ತು, ಸಿಗಲೇ ಇಲ್ಲ. ಆ ರಾತ್ರಿ ನನ್ನ ಕೈ ಹಿಡಿದುಕೊಂಡು ನೀರು ಕೇಳಿದ್ದ ಹುಡುಗ ಅವನು, ಇಪ್ಪತ್ತು ದಾಟಿರಲಿಕ್ಕಿಲ್ಲ. ಎಲ್ಲಿದ್ದರೂ ಚೆನ್ನಾಗಿರಪ್ಪ. ನಿನ್ನ ಆಯಮ್ಮ ಚೆನ್ನಾಗಿದ್ದಾಳೆ.