ಬಿಡಿ ಸಿಗರೇಟು ಮಾರಾಟ ನಿಲ್ಲಲಿ

ಮಾನ್ಯ ಸಂಪಾದಕರೇ,

ಕೊಪ್ಪಳದಲ್ಲಿ ಕಾಲೇಜು ಬಿಡುವ ಹೊತ್ತಿಗೆ ಹತ್ತಿರದ ಗೂಡಂಗಡಿಗಳನ್ನು ನೋಡಿ. ಮೀಸೆ ಚಿಗುರದ ಹುಡುಗರು ಒಂದೊಂದೇ ಸಿಗರೇಟು ಕೊಂಡು ಸೇದುತ್ತಿರುತ್ತಾರೆ. ರಾಜ್ಯದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಬಿಡಿಯಾಗಿ ಯಾರಿಗೂ ಸಿಗರೇಟು ಮಾರುವಂತಿಲ್ಲ. ಕೇಳುವವರು ಯಾರು?

ಕ್ಯಾನ್ಸರ್ ಚಿತ್ರ ಇರುವುದು ಪ್ಯಾಕಿನ ಮೇಲೆ. ಬಿಡಿ ಕೊಳ್ಳುವ ಹುಡುಗನಿಗೆ ಅದೂ ಕಾಣುವುದಿಲ್ಲ. ಕಂಡರೂ, ಅದೆಲ್ಲ ವಯಸ್ಸಾದ ಮೇಲಿನ ಮಾತು ಅಂದುಕೊಳ್ಳುತ್ತಾನೆ. ಆದರೆ ಶ್ವಾಸಕೋಶ ಇಪ್ಪತ್ತರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಹದಿನಾರಕ್ಕೇ ಸೇದಲು ಶುರು ಮಾಡಿದರೆ ಆ ಬೆಳವಣಿಗೆಗೇ ಪೆಟ್ಟು. ಒಳಗಿನ ಗಾಳಿಚೀಲಗಳು ಒಮ್ಮೆ ಹಾಳಾದರೆ ಮತ್ತೆ ಮೊದಲಿನಂತಾಗುವುದಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುವ ಸಿಒಪಿಡಿ ಕಾಯಿಲೆ ವರ್ಷಗಟ್ಟಲೆ ಹೀಗೇ ಒಳಗೊಳಗೇ ಬೆಳೆಯುತ್ತದೆ. ಕಾರ್ಖಾನೆ ಹೊಗೆಗೆ ನಾವೆಲ್ಲ ಬೈಯುತ್ತೇವೆ, ಬೈಯಲೇಬೇಕು. ಅದರ ಜೊತೆಗೆ ಇದೂ ಬೇಕಿತ್ತಾ?

ಸುಮ್ನೆ ಹುಡುಗರನ್ನು ಬೈದರೆ ಪ್ರಯೋಜನವಿಲ್ಲ. ನಿಕೋಟಿನ್ ಚಟ ಆ ವಯಸ್ಸಿನಲ್ಲಿ ಬೇಗ ಅಂಟಿಕೊಳ್ಳುತ್ತದೆ. ಬಿಡಬೇಕು ಅನ್ನುವವರಿಗೆ 1800-11-2356 ಉಚಿತ ಸಹಾಯವಾಣಿ ಇದೆ. ಈ ನಂಬರನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಲು ಎಷ್ಟು ಖರ್ಚಾದೀತು? ನಗರಸಭೆಯವರು, ಪೊಲೀಸರು ಸೇರಿ ಕಾಲೇಜು ಸುತ್ತಲಿನ ಅಂಗಡಿಗಳನ್ನು ವಾರಕ್ಕೊಮ್ಮೆಯಾದರೂ ತಪಾಸಣೆ ಮಾಡಲಿ.

– ಒಬ್ಬ ಪೋಷಕ, ಕೊಪ್ಪಳ