ಆ ಶಾಫ್ಟ್ ಬದಲಾಗುವವರೆಗೆ ಗುಡ್ಡ ಬೇಡ

ಪ್ರೀತಿಯ ಮಗನೇ,

ಹಿಂದಿನ ಲೀಫ್ ಸ್ಪ್ರಿಂಗಿನ ಹ್ಯಾಂಗರ್ ಬಿಚ್ಚಿ ಆಕ್ಸಲನ್ನು ಎರಡು ಇಂಚು ಹಿಂದಕ್ಕೆ ತಂದೆ ಅಂತ ಬರೆದಿದ್ದೀಯ. ಯಾಕೆ ಅಂತ ಕೇಳಲ್ಲ. ಗಿಡ್ಡ ಗಾಡಿ ಕಡಿದಾದ ಏರಿನಲ್ಲಿ ಮೂತಿ ಎತ್ತುವುದನ್ನು ನಾನೂ ಕಂಡಿದ್ದೇನೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಚಕ್ರ ಪೂರ್ತಿ ಕೆಳಗೆ ಜೋತಾಗ ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಶಾಫ್ಟ್ ಕಳಚಿಬಿಡುತ್ತೇನೋ ಅಂತ ಭಯ, ಆದರೂ ಸದ್ಯಕ್ಕೆ ಹಳೆಯದೇ ಇರಲಿ ಅಂತ. ಅದನ್ನು ಓದಿದಾಗಿನಿಂದ ಮನಸ್ಸು ನಿಲ್ಲುತ್ತಿಲ್ಲ.

ನಿನ್ನ ಭಯ ಸರಿಯಾಗಿದೆ. ಆಕ್ಸಲ್ ಹಿಂದೆ ಹೋದಷ್ಟೂ, ಶಾಫ್ಟ್ ಉದ್ದ ಗಿಡ್ಡ ಆಗಲು ಜಾರುವ ಸ್ಲಿಪ್ ಜಾಯಿಂಟ್ ಹೊರಗೆ ಬಂದಿದೆ. ಒಳಗೆ ಹಲ್ಲು ಕಚ್ಚಿಕೊಂಡಿರುವುದು ಸ್ವಲ್ಪವೇ. ನಿಂತ ಗಾಡಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಗೊತ್ತಾಗುತ್ತದೆ.

ಶಾಫ್ಟ್ ಕಳಚಿ ಉರುಳಿದ ನನ್ನ ಗೆಳೆಯನ ಜೀಪಿನ ಕಥೆ ನಿಮ್ಮಮ್ಮ ಹೇಳಿರುತ್ತಾಳೆ, ಮತ್ತೆ ಬೇಡ. ಅವಳಿಗೂ ಹೇಳದ ಮಾತು ಒಂದಿದೆ. ಅವತ್ತು ಅವನು ಹ್ಯಾಂಡ್‌ಬ್ರೇಕ್ ಎಳೆದಿದ್ದ. ಪೂರ್ತಿ ಎಳೆದಿದ್ದ. ಹಳೆಯ ಜೀಪು, ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಹಿಂದಿನ ಶಾಫ್ಟ್ ಹೋದರೆ ಆ ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಫೋರ್ ವೀಲ್ ಹಾಕಿರದಿದ್ದರೆ ಗೇರಿನಲ್ಲಿದ್ದರೂ ಗಾಡಿ ಉರುಳುತ್ತದೆ. ಕಳಚಿದ ಶಾಫ್ಟ್ ಬೀಸಿ ಹೊಡೆದು ಕಾಲಿನ ಬ್ರೇಕಿನ ಪೈಪನ್ನೂ ಕಿತ್ತಿತ್ತು. ಒಂದು ಮರ ತಡೆಯಿತು. ಅವನಿಗೆ ಪೆಟ್ಟಾಗಲಿಲ್ಲ, ಆದರೆ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಅವನ ಜೊತೆ ಕೂತು ಆ ಜೀಪನ್ನು ಮತ್ತೆ ಕಟ್ಟಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಸಂಸಾರ, ಕೆಲಸ ಅಂತ ವರ್ಷಗಳು ಹೋದವು. ಅವನೂ ಹೋದ. ಆ ಕೊರಗು ಇನ್ನೂ ಇದೆ.

ನೀನು ಹ್ಯಾಂಡ್‌ಬ್ರೇಕ್ ಎಳೆದು, ಕಲ್ಲು ಇಡೋಕೆ ಅಂತ ಗಾಡಿಯ ಹಿಂದೆ ಹೋಗುತ್ತೀಯಲ್ಲ, ಅದೇ ಕಣ್ಣ ಮುಂದೆ ಬರುತ್ತದೆ.

ನಿನಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು, ಈಗಿನ ಗಾಡಿಗಳನ್ನು ನೀನೇ ಜಾಸ್ತಿ ಬಲ್ಲೆ. ಆದರೂ ಒಮ್ಮೆ ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಎತ್ತಿ, ಎರಡೂ ಚಕ್ರ ಜೋತುಬೀಳಲಿ. ಒಂದನ್ನು ಮಾತ್ರ ಮೇಲೆ ಒತ್ತಿಯೂ ನೋಡು. ಎಷ್ಟು ಹಲ್ಲು ಒಳಗಿದೆ ಅಂತ ಗುರುತು ಮಾಡಿಕೋ. ಬ್ರೇಕ್ ಹೋಸ್ ಬಿಗಿಯಾಗುತ್ತದಾ ಅಂತಲೂ ಕಣ್ಣು ಹಾಯಿಸು. ಜೀಪ್ ಕಂಪನಿ 2004ರಲ್ಲಿ ಉದ್ದದ ರ‍್ಯಾಂಗ್ಲರ್ ತಂದಾಗ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್ 93.4ರಿಂದ 103.4 ಇಂಚಿಗೆ ಹೋಯಿತು. ಅವರು ಹಿಂದಿನ ಶಾಫ್ಟನ್ನೂ ಉದ್ದ ಮಾಡಿದರು ಅಲ್ವಾ?

ಹೊಸದು ಮಾಡಿಸುವಾಗ ತೀರಾ ಉದ್ದವೂ ಆಗಬಾರದು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಶಾಫ್ಟ್ ಒಳಗೆ ತಾಗಿ ಟ್ರಾನ್ಸ್‌ಫರ್ ಕೇಸನ್ನು ಗುದ್ದುತ್ತದೆ. ಬ್ಯಾಲೆನ್ಸ್ ಮಾಡಿಸು. ಎರಡೇ ಯು ಜಾಯಿಂಟಿನ (ಬಾಗುವ ಕೀಲಿನ) ಶಾಫ್ಟ್ ಆದರೆ ಆಕ್ಸಲಿನಲ್ಲಿ ಶಾಫ್ಟ್ ಸೇರುವ ಪಿನಿಯನ್ನೂ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟೂ ಸಮಾನಾಂತರ ಇರಲಿ, ಇಲ್ಲದಿದ್ದರೆ ನಡುಕ ಬರುತ್ತದೆ. ಚಕ್ರಗಳ ನಡುವಿನ ದೂರ ಹೆಚ್ಚಿದ್ದಕ್ಕೆ ತಿರುವು ಅಗಲವಾಗುವುದು, ಗಾಡಿಯ ಹೊಟ್ಟೆ ದಿಬ್ಬಕ್ಕೆ ತಾಗುವುದು, ಇವೆಲ್ಲ ಓಡಿಸುತ್ತಾ ಅಭ್ಯಾಸವಾಗುತ್ತದೆ. ಅದರ ಬಗ್ಗೆ ನನಗೆ ಚಿಂತೆ ಇಲ್ಲ.

ಶಾಫ್ಟಿನ ಹಣ ಹೊಂದದಿದ್ದರೆ ನನಗೆ ಹೇಳು, ಸಂಕೋಚ ಬೇಡ. ಚಕ್ರ ಜೋತಾಗ ಒಂದು, ಕುಗ್ಗಿದಾಗ ಒಂದು, ಎರಡೂ ಅಳತೆ ಬರೆದು ಕಳಿಸು. ಅಲ್ಲಿಯವರೆಗೆ ಸಮತಟ್ಟು ದಾರಿಯಲ್ಲೂ ಆ ಗಾಡಿ ತೆಗೆಯಬೇಡ.

ನಿನ್ನ ದೊಡ್ಡಮಾವ