ಚೀಫ್ಸ್ ಆಟ ಆಂಟೆನಾಗೆ ಸಿಗಲಿ: ಕಾನ್ಸಸ್‌ನ ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ವಿಚಿಟಾದಿಂದ ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ವಿಮಾನದ ಕೆಲಸಕ್ಕೆಂದು ಬೆಂಗಳೂರಿನಿಂದ ಈ ಊರಿಗೆ ಬಂದು, ಇಲ್ಲೇ ನೆಲೆಸಿ ಮತ ಹಾಕುವ ನಮ್ಮವರೂ ಓದಿ ನಿಮ್ಮನ್ನು ಕೇಳಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಕಾನ್ಸಸ್ ಸಿಟಿ ಚೀಫ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಪ್ರತಿಯೊಂದು ಆಟವೂ ಇಡೀ ಕಾನ್ಸಸ್ ರಾಜ್ಯದಲ್ಲಿ ಆಂಟೆನಾ ಟಿವಿಗೆ ಪುಕ್ಕಟೆ ಸಿಗಬೇಕು. ಅದಕ್ಕಾಗಿ 1961ರ ಕ್ರೀಡಾ ಪ್ರಸಾರ ಕಾಯ್ದೆಗೆ ತಿದ್ದುಪಡಿ ತನ್ನಿ.

ಆ ಕಾಯ್ದೆ ನಿಮಗೆ ಗೊತ್ತೇ ಇದೆ. ತಂಡಗಳೆಲ್ಲ ಒಟ್ಟಾಗಿ ಟಿವಿ ಹಕ್ಕು ಮಾರಿದರೂ ಏಕಸ್ವಾಮ್ಯ ತಡೆಯುವ ಕಾನೂನು ತಟ್ಟದ ಹಾಗೆ ನಿಮ್ಮ ಸಂಸತ್ತು, ಅಂದರೆ ಕಾಂಗ್ರೆಸ್, ಕೊಟ್ಟ ರಿಯಾಯಿತಿ ಅದು. ಆಗ ಟಿವಿ ಅಂದ್ರೆ ಆಂಟೆನಾ. ಜನರಿಗೆ ಆಟ ಸುಲಭವಾಗಿ ಸಿಗುತ್ತಿತ್ತು, ರಿಯಾಯಿತಿಗೂ ಅರ್ಥ ಇತ್ತು. ಈಗ ರಿಯಾಯಿತಿ ಹಾಗೇ ಇದೆ, ಆಟ ಮಾತ್ರ ಒಂದೊಂದಾಗಿ ಆ್ಯಪ್‌ಗಳ ಪಾಲಾಗುತ್ತಿದೆ.

2024ರ ಜನವರಿ 13 ನಿಮಗೂ ನೆನಪಿರಬೇಕು. ಚೀಫ್ಸ್‌ನ ತವರು ಆರೋಹೆಡ್ ಕ್ರೀಡಾಂಗಣದಲ್ಲಿ ಮಯಾಮಿ ಡಾಲ್ಫಿನ್ಸ್ ವಿರುದ್ಧ ಪ್ಲೇಆಫ್, ಅಂದರೆ ಸೋತರೆ ಮನೆಗೆ ಹೋಗುವ ಆಟ. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಚಳಿ. ಪ್ಲೇಆಫ್ ಆಟವೊಂದನ್ನು ಬರೀ ಪೀಕಾಕ್ ಆ್ಯಪ್‌ಗೆ ಕೊಟ್ಟಿದ್ದು ಅದೇ ಮೊದಲು. ಆಂಟೆನಾಗೆ ಸಿಕ್ಕಿದ್ದು ಕಾನ್ಸಸ್ ಸಿಟಿ ಮತ್ತು ಮಯಾಮಿ ಟಿವಿ ವಲಯಗಳಲ್ಲಿ ಮಾತ್ರ. ಮೂರು ಗಂಟೆ ದಾರಿಯ ವಿಚಿಟಾಕ್ಕೆ ಇಲ್ಲ. ಶುಕ್ರವಾರ ಬಂದರೆ ಆಫೀಸಿಗೆ ಆಫೀಸೇ ಚೀಫ್ಸ್‌ನ ಕೆಂಪಂಗಿ ಹಾಕುವ ಊರು ಇದು!

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ವಿಮಾನದ ರೆಕ್ಕೆಗಳಿಗೆ ರಿವೆಟ್ ಹೊಡೆದು ನಿವೃತ್ತರಾದವರು. ಒಬ್ಬರೇ ಇರುತ್ತಾರೆ. ಇಂಟರ್ನೆಟ್ ಇಲ್ಲ, ಬೇಕೂ ಇಲ್ಲ. ಕಿಟಕಿಯ ಗಾಜಿಗೆ ಟೇಪ್ ಹಾಕಿ ಅಂಟಿಸಿದ ಆಂಟೆನಾದಲ್ಲೇ ಆಟ ನೋಡಿಕೊಂಡು ಬಂದಿದ್ದಾರೆ. ಆ ರಾತ್ರಿ ಚಾನೆಲ್ ತಿರುಗಿಸಿ ತಿರುಗಿಸಿ ಸಾಕಾಗಿ, ಟಿವಿ ಕೆಟ್ಟಿದೆ ಅಂತ ನನಗೆ ಫೋನ್ ಮಾಡಿದರು. ಕೈಹಿಡಿದು ಹಿಮದ ಮೇಲೆ ನಡೆಸಿಕೊಂಡು ನಮ್ಮನೆಗೆ ಕರೆತಂದೆ. ಅಮ್ಮ ಶಾಲು ಹೊದಿಸಿ, ಕಾಫಿ ಕೊಟ್ಟರು. ನಾನು ಕಾರ್ಡ್ ನಂಬರ್ ಒತ್ತುವುದನ್ನು ಅವರು ಸುಮ್ನೆ ನೋಡುತ್ತಾ ಕೂತಿದ್ದರು. ಚೀಫ್ಸ್ 26-7ರಿಂದ ಗೆದ್ದಿತು. ಅವರನ್ನು ಮನೆಗೆ ಬಿಟ್ಟು ಬಂದ ಮೇಲೆ ನೋಡಿದರೆ, ಕಾಫಿ ಸಾಸರ್ ಕೆಳಗೆ ಐದು ಡಾಲರಿನ ಒಂದು ನೋಟು, ಒಂದು ಡಾಲರಿನ ಇನ್ನೊಂದು. ಆ್ಯಪಿನ ತಿಂಗಳ ಚಂದಾ 5.99 ಡಾಲರ್. ಪರದೆ ಮೇಲೆ ಓದಿಕೊಂಡಿದ್ದಾರೆ.

ಆ ಆರು ಡಾಲರ್ ನೋಡಿ ನನಗೆ ಮೈ ಉರಿದುಹೋಯಿತು. ಇವತ್ತಿಗೂ ಉರಿಯುತ್ತದೆ. ಜೀವನವಿಡೀ ಈ ಊರಿನಲ್ಲಿ ದುಡಿದ ಮನುಷ್ಯ ತನ್ನ ತಂಡದ ಆಟ ನೋಡಿದ್ದಕ್ಕೆ ಪಕ್ಕದ ಮನೆಯವರ ಋಣ ತೀರಿಸಬೇಕಾ?

ಅದು ಒಂದು ಸಲದ ಮಾತು ಅಂದುಕೊಂಡಿದ್ದೆವು. 2024ರ ಕ್ರಿಸ್‌ಮಸ್ ಆಟ ನೆಟ್‌ಫ್ಲಿಕ್ಸ್‌ಗೆ ಹೋಯಿತು. 2025ರ ಮೊದಲ ಆಟ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ನಡೆದು ಯೂಟ್ಯೂಬ್‌ನಲ್ಲಿ ಬಂತು. ಅದಕ್ಕೆ ದುಡ್ಡು ಬೇಡ, ಇಂಟರ್ನೆಟ್ ಬೇಕು. ಆ ವರ್ಷದ ಕ್ರಿಸ್‌ಮಸ್ ಆಟ ಪ್ರೈಮ್‌ಗೆ. ಆ ಸೀಸನ್ ನಮಗೆ ಮೊದಲೇ ನೋವಿನದು. ಡಿಸೆಂಬರ್ 14ರಂದು ನಮ್ಮ ಮುಖ್ಯ ಆಟಗಾರ ಮಹೋಮ್ಸ್ ಮೊಣಕಾಲು ಕೆಟ್ಟಿತು. 6 ಗೆಲುವು, 11 ಸೋಲು. 2014ರ ನಂತರ ಮೊದಲ ಸಲ ಪ್ಲೇಆಫ್ ಇಲ್ಲ. ಪಕ್ಕದ ಮನೆಯವರು ಸೋಲುವ ಆಟವನ್ನೂ ಕೊನೆಯವರೆಗೆ ನೋಡುವವರು. ಅಂಥವರಿಗೇ ಬಾಗಿಲು ಹಾಕುವುದು ಯಾವ ನ್ಯಾಯ?

ತಂಡದ ಊರಿನಲ್ಲಿ ಎಲ್ಲ ಆಟವೂ ಪುಕ್ಕಟೆ ಅಂತ ಆಟ ನಡೆಸುವ ಲೀಗ್ (ಎನ್‌ಎಫ್‌ಎಲ್) ಹೇಳುತ್ತದೆ. ಆ ಊರು ಎಲ್ಲಿಗೆ ಮುಗಿಯುತ್ತದೆ ಸ್ವಾಮಿ? 2025ರ ಡಿಸೆಂಬರಿನಲ್ಲಿ ಚೀಫ್ಸ್ ತಾನಿರುವ ಪಕ್ಕದ ಮಿಸೌರಿ ರಾಜ್ಯ ಬಿಟ್ಟು ನಮ್ಮ ರಾಜ್ಯದ ವೈಯಾಂಡಾಟ್ ಕೌಂಟಿಗೆ ಬರುವುದಾಗಿ ಘೋಷಿಸಿತು. 2031ಕ್ಕೆ ಹೊಸ ಕ್ರೀಡಾಂಗಣ, 300 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರುವುದು ಸರ್ಕಾರದ ಸ್ಟಾರ್ ಬಾಂಡ್. ಮಾರಾಟ ತೆರಿಗೆಯಿಂದ ತೀರಬೇಕಾದ ಸಾಲ. ಆಚೆ ದಡದ ಮಿಸೌರಿಯಲ್ಲಿ ಜ್ಯಾಕ್ಸನ್ ಕೌಂಟಿಯ ಜನ ಇಂಥದ್ದೇ ತೆರಿಗೆಯನ್ನು 2024ರ ಏಪ್ರಿಲ್‌ನಲ್ಲಿ ಮತ ಹಾಕಿ ತಿರಸ್ಕರಿಸಿದ್ದರು. ಸಾಲ ತೀರಿಸುವಾಗ ಇಡೀ ಕಾನ್ಸಸ್ ಚೀಫ್ಸ್ ರಾಜ್ಯ, ಆಟ ತೋರಿಸುವಾಗ ವಿಚಿಟಾ ಹೊರಗಿನ ಊರು. ಇದನ್ನು ಒಪ್ಪುವುದು ಹೇಗೆ?

ಕ್ರೀಡಾಂಗಣ ರಾಜ್ಯ ಸರ್ಕಾರದ ವಿಷಯ, ನನ್ನದಲ್ಲ ಎಂದು ಉತ್ತರ ಬರೆಯಬೇಡಿ. ಕಾಯ್ದೆ ನಿಮ್ಮದೇ ಸದನದ್ದು. ಲೀಗಿಗೆ ರಿಯಾಯಿತಿ ಬೇಕಿದ್ದರೆ ತಂಡದ ರಾಜ್ಯದಲ್ಲೆಲ್ಲ ಆಟ ಆಂಟೆನಾಗೆ ಕೊಡಲಿ. ಕೊಡದಿದ್ದರೆ ರಿಯಾಯಿತಿ ಹೋಗಲಿ. ಇಷ್ಟೇ ತಿದ್ದುಪಡಿ.

ಮುಂದಿನ ಸೀಸನ್ ಸೆಪ್ಟೆಂಬರಿಗೆ ಶುರು. ಅಷ್ಟರೊಳಗೆ ಮಸೂದೆ ಮಂಡಿಸಿ. ಮಂಡಿಸಲು ಆಗದಿದ್ದರೆ ಯಾಕೆ ಅಂತ ವಿಚಿಟಾಕ್ಕೆ ಬಂದು ಹೇಳಿ. ಪ್ರತಿ ಆಟ, ಇಡೀ ರಾಜ್ಯ, ಆಂಟೆನಾಗೆ, ಪುಕ್ಕಟೆ. ನಮಗೆ ಬೇಕಾಗಿರುವುದು ಅದು.

ಇಂತಿ,
ನಿಮ್ಮ ಕ್ಷೇತ್ರದ ಮತದಾರ
ವಿಚಿಟಾ, ಕಾನ್ಸಸ್